ತಾಯ್ಮಾಮನ ತಟ್ಟೆ

ನಗಬೇಡ ತಮಿಳರಸಿ. ಎರಡುಸಾವಿರನೇ ಇಸವಿ ಬಂದರೆ ಕಂಪ್ಯೂಟರೆಲ್ಲ ಕೆಟ್ಟುಹೋಗ್ತವಂತೆ, ಪೇಪರಲ್ಲೇ ಹಾಕವ್ರೆ. ಬರಲಿ ಬಿಡು, ಇನ್ನೂ ಟೈಮದೆ. ನಮ್ಮ ಕಾಲೇಜಿಂದು ಚೆನ್ನಾಗೇ ಓಡ್ತದೆ, ನಿನ್ನ ಮಾಮನೇ ಅಲ್ವಾ ಅಲ್ಲಿ ಪಾಠ ಹೇಳೋ ವಾಧ್ಯಾರು, ಅದನ್ನ ನೋಡ್ಕೊಳ್ಳೋನು!

ನಾಗಮ್ಮಾಳಕ್ಕ ಎಲ್ಲಿ? ಪಕ್ಕದ ಮನೇಲಾ... ನಿಮ್ಮವ್ವ ಬರಲಿ, ತಟ್ಟೆ ಅಲ್ಲೇ ಇರಲಿ. ಸೀರೆ, ಹೂ, ತೆಂಗಿನಕಾಯಿ... ತಾಯ್ಮಾಮ ಇದನ್ನ ಯಾಕೆ ತಂದ ಅಂತ ಬಾಯಿಬಿಟ್ಟು ಹೇಳಬೇಕಾ? ನೀನು ಹುಟ್ಟಿದಾಗಲೇ ಆಡಿದ ಮಾತು. ಡಿಗ್ರಿ ಮುಗಿದ ಮೇಲೇ ಮದುವೆ ಅಂದೋಳು ನೀನೇ. ಈಗ ಕಾಲೇಜೇ ಬಿಟ್ಟಾಯ್ತಲ್ಲ, ಇನ್ನು ಯಾಕೆ ಕಾಯೋದು ಅಂತ...

ತಿರುಗಾ ಕಂಪ್ಯೂಟರ್ ಮಾತೇ ಕೇಳ್ತೀಯಲ್ಲ! ಹಾಜರಿ, ಟೆಸ್ಟ್ ಮಾರ್ಕು ಎಲ್ಲ ಹಾಕ್ತೀನಿ. ಯಾರು ಕಾಲೇಜು ಬಿಡೋ ಹಂಗವ್ರೆ ಅಂತ ಮುಂಚೇನೇ ತೋರಿಸ್ತದೆ. ಅಂಥೋರ ಮನೆಗೆ ನಾನೇ ಹೋಗ್ತೀನಿ. ಬೋಡಿಮೆಟ್ಟಿನ ಹುಡುಗ ಮಣಿಕಂಡನ್ ಏಲಕ್ಕಿ ಕುಯ್ಲಿಗೆ ಹೋಗಿ ಪರೀಕ್ಷೆ ಬಿಟ್ಟಿದ್ದ. ಬೆಟ್ಟ ಹತ್ತಿ ಹೋಗಿ ಅವರಪ್ಪನ್ನ ಒಪ್ಪಿಸಿ, ಬೇರೆ ದಿನ ಪರೀಕ್ಷೆ ಇಟ್ಟೆ. ಹಾಜರಿ ಕಮ್ಮಿಯಾಗಿದ್ದ ಕಾರ್ತಿಕಾ ಮನೆಗೂ ಹೋದೆ. ಇಬ್ಬರೂ ಈಗ ಬರ್ತಾವ್ರೆ. ಪ್ರಿನ್ಸಿಪಾಲರು ಎಲ್ಲರ ಮುಂದೆ ಹೊಗಳಿದರು...

ಯಾಕೆ ಹಂಗೆ ನೋಡ್ತೀಯ?

ನಿಮ್ಮವ್ವನಿಗೆ ಸೊಂಟ ಹಿಡಿದದ್ದು, ನೀನು ದ್ರಾಕ್ಷಿತೋಟಕ್ಕೆ ಇಳಿದದ್ದು, ನಂಗೆ ಹೆಂಗೆ ಗೊತ್ತಾಗಬೇಕು? ಇದೇ ಕಂಬಂ ಊರಲ್ಲಿ, ನಾಲ್ಕು ಬೀದಿ ಆಚೆ ಇರೋನಿಗೆ ಗೊತ್ತಾಗಲಿಲ್ವಾ ಅಂತೀಯಾ... ಸರಿ. ಆದರೂ ಆ ಕಂಪ್ಯೂಟರ್ ಪೆಟ್ಟಿಗೆ ಎಲ್ಲಾನೂ ತೋರಿಸಲ್ಲ ಅರಸಿ. ಒಂದೊಂದು ಸಲ ತಪ್ಪಿಹೋಗ್ತದೆ.

ಬೇಕಾದ್ರೆ ಬೈಯಿ.

ನಿನ್ನ ಹೆಸರು ನಿಜವಾಗ್ಲೂ ತೋರಿಸಲಿಲ್ವಾ ಅಂತೀಯಾ...

ತೋರಿಸಿತ್ತು. ನಿನ್ನ ಹೆಸರೇ ಮೊದಲು ಬಂದಿತ್ತು. ಬೋಡಿಮೆಟ್ಟು ಹತ್ತಿದ ಕಾಲಿಗೆ ನಾಲ್ಕು ಬೀದಿ ದಾಟೋಕೆ ಆಗಲಿಲ್ಲ. ಬಂದು ಅಕ್ಕನ್ನ ಒಪ್ಪಿಸಿದ್ದರೆ ನೀನು ಓದ್ತಿದ್ದೆ. ಇನ್ನೂ ಎರಡು ವರ್ಷ ನಾನು ಕಾಯಬೇಕಿತ್ತು. ಓದು ಮುಗಿಸಿ ಈ ಮಾಮ ಬೇಡ ಅಂದುಬಿಟ್ಟರೆ ಅಂತ ಭಯ ಬೇರೆ. ಕಾಲೇಜು ಬಿಟ್ಟರೆ ಬಿಡಲಿ ಅಂದ್ಕೊಂಡೆ, ಅರಸಿ. ನಾಚಿಕೆ ಆಗ್ತದೆ. ನಿನ್ನ ಮುಖ ನೋಡೋಕಾಗ್ತಿಲ್ಲ.

ಅಗೋ, ಅಕ್ಕ ಬಂದಳು. ಆ ತಟ್ಟೆ ಇತ್ತ ಕೊಡಮ್ಮ, ತಗೊಂಡು ಹೋಗ್ತೀನಿ. ನಾಳೆ ಬರಿಗೈಲಿ ಬರ್ತೀನಿ, ಮಾಮ ಅಂತಲ್ಲ, ವಾಧ್ಯಾರು ಅಂತ. ನಿನ್ನನ್ನ ತಿರುಗಾ ಕಾಲೇಜಿಗೆ ಕಳಿಸು ಅಂತ ಅಕ್ಕನ ಹತ್ತಿರ ನಾನೇ ಮಾತಾಡ್ತೀನಿ.

ನಾಳೆ ಬಾಗಿಲು ತೆಗೀತೀಯಾ?