ಹಿಂದಕ್ಕೆ ಸರಿದ ಸೀಟು

ಯಾರೋ ಯಾರಿಗೋ ಹೇಳಿದ್ದಲ್ಲ ಇದು. ನಮ್ಮ ದೊಡ್ಡಪ್ಪನ ಮಗಳಿಗೇ ಆದದ್ದು. ಮನೆಯಲ್ಲಿ ಎಲ್ಲರೂ ಅವಳನ್ನು ಮೊಂಡಿ ಅಂತಲೇ ಕರೆಯುವುದು. ಯಾಕೆ ಅಂತ ನಿಮಗೇ ಗೊತ್ತಾಗುತ್ತದೆ. ನಗುವವರು ಈಗಲೇ ನಕ್ಕುಬಿಡಿ.

ಆ ರಾತ್ರಿ ಮೊಂಡಿ ಮತ್ತು ಪಕ್ಕದ ಬೀದಿಯ ಟ್ಯಾಕ್ಸಿಯಣ್ಣ, ಚಾರ್ಜ್ ಮಾಡಿದ ಕಾರಿನ ಬ್ಯಾಟರಿಯನ್ನು ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದು ಮನೆಗೆ ಬರುತ್ತಿದ್ದರು. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಹಾಳು ಬಾವಿಯ ಹತ್ತಿರ ಟ್ಯಾಕ್ಸಿಯಣ್ಣ ನಿಂತುಬಿಟ್ಟ.

"ಕೇಳಿಸ್ತಾ?" ಅಂದ, ಪಿಸುಮಾತಿನಲ್ಲಿ.

"ಏನು?"

"ನಿಮ್ಮ ಶೆಡ್ಡಲ್ಲಿ..."

ಕರ್ ಕರ್ ಕರ್ ಕರ್... ಬೋಲ್ಟು ತಿರುಗಿಸುವ ಹಿಡಿಯನ್ನು ಹಿಂದಕ್ಕೆ ತರುವ ಸದ್ದು. ಆಮೇಲೆ ಭಾರದ್ದೇನೋ ಉರುಳಿದ ಹಾಗೆ, ಗೊರ್ರ್... ಕೊನೆಗೆ ಒಂದು ಸಣ್ಣ ಪುಸ್.

"ಯಾರಿದ್ದಾರೆ ಒಳಗೆ?"

"ಯಾರೂ ಇಲ್ಲ. ಬೀಗದ ಕೈ ನನ್ನ ಹತ್ರಾನೇ ಇದೆ."

"ಬ್ಯಾಟರಿ ಇಲ್ಲಿದೆ... ಅಲ್ಲಿ ಇಂಜಿನ್ ಹೇಗೆ ತಿರುಗುತ್ತೆ?"

"ಕೈಯಲ್ಲಿ ತಿರುಗಿಸ್ತಿದ್ದಾರೆ."

"ಯಾರು?"

ಟ್ಯಾಕ್ಸಿಯಣ್ಣ ಬ್ಯಾಟರಿಯನ್ನು ಗೇಟಿನವರೆಗೆ ತಂದದ್ದೇ ದೊಡ್ಡದು. ಅಲ್ಲಿಟ್ಟವನೇ ಓಟ ಕಿತ್ತ. ಅವನ ಒಂದು ಚಪ್ಪಲಿ ಅಲ್ಲೇ ಉಳಿಯಿತು. ಇವತ್ತಿಗೂ ವಾಪಸ್ ಕೇಳಿಲ್ಲ.

ದೊಡ್ಡಪ್ಪ ಮೆಕ್ಯಾನಿಕ್. ಮನೆಯ ಹಿಂದಿನ ಶೆಡ್ಡಿನಲ್ಲಿ ತಮ್ಮ ಹಳೇ ಕಾರಿನ ಇಂಜಿನ್ ಪೂರ್ತಿ ಬಿಚ್ಚಿ ಹರಡಿಕೊಂಡಿದ್ದಾಗಲೇ ಎದೆನೋವು ಬಂದು ಹೋಗಿಬಿಟ್ಟರು. ಬದುಕಿರುವ ತನಕ ಮಗಳಿಗೆ ಆ ಕಾರಿನ ಸ್ಟೀರಿಂಗ್ ಕೊಟ್ಟವರಲ್ಲ. "ನೀನು ಪಕ್ಕದಲ್ಲಿ ಕೂತ್ಕೋ," ಅಷ್ಟೇ. ಆ ಪಕ್ಕದ ಸೀಟೋ, ಕೆಳಗಿನ ಹಳಿ ತುಕ್ಕು ಹಿಡಿದು ಮುಂದೆಯೇ ಕಚ್ಚಿಕೊಂಡಿತ್ತು. ಸುತ್ತಿಗೆಯಲ್ಲಿ ಬಡಿದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ಮೊಂಡಿ ಮೊಣಕಾಲು ಮಡಚಿಕೊಂಡೇ ಅದರಲ್ಲಿ ಕೂತು ಬೆಳೆದವಳು.

ಅಪ್ಪ ಹೋದ ಮೇಲೆ ಅವಳು ಹಟ ಹಿಡಿದು ಇಂಜಿನ್ ಕೂಡಿಸಿದಳು. ಹೊಸ ರಿಂಗು, ಹೊಸ ಬೇರಿಂಗು, ಎಲ್ಲ. ಆದರೆ ಸ್ಟಾರ್ಟ್ ಆಗಬೇಕಲ್ಲ! ಪೆಟ್ರೋಲ್ ಬರುತ್ತಿದೆ, ಪ್ಲಗ್ಗಿನಲ್ಲಿ ಕಿಡಿ ಇದೆ. ಕೀ ತಿರುಗಿಸಿದರೆ ಮಾತ್ರ ಕಾರ್ಬುರೇಟರ್ ಫಟ್ ಅಂತ ಬೆಂಕಿ ಉಗುಳಿ ಸುಮ್ಮನಾಗುತ್ತದೆ. ಉಗುಳಿ ಉಗುಳಿ ಬ್ಯಾಟರಿಯೇ ಸತ್ತುಹೋಗಿತ್ತು.

ಅವತ್ತು ಸಂಜೆ ದೊಡ್ಡಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ಖಡಾಖಂಡಿತವಾಗಿ ಹೇಳಿದ್ದರು. "ಬೆಳಿಗ್ಗೆ ಗುಜರಿಯವನು ಬರ್ತಾನೆ. ಅಷ್ಟರೊಳಗೆ ಸ್ಟಾರ್ಟ್ ಆದ್ರೆ ಕಾರು, ಶೆಡ್ಡು ಎರಡೂ ನಿನ್ನದು. ಆಗದಿದ್ರೆ ಈ ಹುಚ್ಚಾಟ ಇಲ್ಲಿಗೆ ಬಿಡು."

ಮೊಂಡಿಗೆ ಮೈಯೆಲ್ಲ ಉರಿದುಹೋಗಿತ್ತು. ಆ ಉರಿಯಲ್ಲೇ ಒಬ್ಬಳೇ ಬ್ಯಾಟರಿ ಎತ್ತಿಕೊಂಡು ಹೋಗಿ ಬೀಗ ತೆಗೆದಳು.

ಸದ್ದು ನಿಂತಿತು...

ದೀಪ ಹಾಕಿದಳು. ಯಾರೂ ಇಲ್ಲ. ಬಾನೆಟ್ ತೆರೆದಿತ್ತು. ಮೊದಲನೇ ಪ್ಲಗ್ ಬಿಚ್ಚಿ ಬಟ್ಟೆಯ ಮೇಲಿಟ್ಟಿತ್ತು. ಇಂಜಿನ್ನಿನ ಮುಂದಿನ ಪುಲ್ಲಿಯ ಬೋಲ್ಟಿಗೆ ಹಿಡಿ ಸಿಕ್ಕಿಸಿತ್ತು. ಅದು ಅವಳ ಕಣ್ಣೆದುರಿಗೇ ಹಿಂದಕ್ಕೆ ಬಂತು... ಕರ್ ಕರ್ ಕರ್.

ಹೆದರಿಕೆ ಆಗಲಿಲ್ಲವಾ ಅಂದರೆ, ಆಯಿತು. ಆದರೆ ಸಿಟ್ಟು ಅದಕ್ಕಿಂತ ಮುಂಚೆ ಬಂದುಬಿಟ್ಟಿತ್ತು.

"ಕೈ ತೆಗಿ ಅಪ್ಪಾ," ಅಂದಳು. "ಆಗಂತೂ ಮುಟ್ಟೋಕೆ ಬಿಡ್ಲಿಲ್ಲ. ಈಗ ನಾನು ಕೂಡಿಸಿದ ಮೇಲೆ ಬಂದು ನೀನು ಸ್ಟಾರ್ಟ್ ಮಾಡೋದು ಬೇಡ. ಇದು ನನ್ನ ಕೆಲಸ."

ಹಿಡಿ ಅಲ್ಲೇ ನಿಂತಿತು.

ಅವಳಿಗೆ ಬಾವಿಯ ಹತ್ತಿರ ಕೇಳಿದ ಆ ಪುಸ್ ಸದ್ದು ನೆನಪಾಯಿತು. ಅಪ್ಪ ಯಾವತ್ತೂ ಮೊದಲನೇ ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿಯೇ ಇಂಜಿನ್ ತಿರುಗಿಸುತ್ತಿದ್ದರು. ಇವಳು ಆ ಕೆಲಸ ಬಿಟ್ಟು ಪಿಸ್ಟನ್ ಮೇಲೆ ಬಂದಿದೆ ಅಂತ ತೋರಿಸುವ ಪುಲ್ಲಿಯ ಗುರುತೊಂದನ್ನೇ ನಂಬಿದ್ದಳು. ಈಗ ಹೆಬ್ಬೆರಳು ಒತ್ತಿ ತಾನೇ ತಿರುಗಿಸಿದಳು. ಗುರುತು ಮೇಲೆ ಬಂತು. ಬೆರಳಿಗೆ ಏನೂ ತಾಗಲಿಲ್ಲ. ಇನ್ನೊಂದು ಸುತ್ತು... ಮತ್ತೆ ಅದೇ ಗುರುತು, ಪುಸ್! ಗಾಳಿ ಬೆರಳನ್ನು ತಳ್ಳಿತು.

"ಥೂ, ನನ್ನ ಬುದ್ಧಿಗಿಷ್ಟು!"

ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ. ಒಮ್ಮೆ ಗಾಳಿ ಅದುಮಲು, ಒಮ್ಮೆ ಹೊಗೆ ತಳ್ಳಲು. ಗುರುತು ಎರಡಕ್ಕೂ ಒಂದೇ. ಅವಳು ಕಿಡಿಯನ್ನು ಹೊಗೆಯ ಸರದಿಗೆ ಜೋಡಿಸಿದ್ದಳು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಬಿಚ್ಚಿ, ಅರ್ಧ ಸುತ್ತು ತಿರುಗಿಸಿ ಕೂರಿಸಿದಳು. ಪ್ಲಗ್ ಬಿಗಿದು, ಬ್ಯಾಟರಿ ಜೋಡಿಸಿ, ಸ್ಟೀರಿಂಗ್ ಮುಂದೆ ಕೂತಳು.

ಕಾಲಿಗೆ ಕ್ಲಚ್ಚೇ ಎಟುಕಲಿಲ್ಲ.

ಸಂಜೆ ಮುಂದೆ ಎಳೆದುಕೊಂಡಿದ್ದ ಡ್ರೈವರ್ ಸೀಟು ಪೂರ್ತಿ ಹಿಂದೆ ಸರಿದಿತ್ತು. ದೊಡ್ಡಪ್ಪ ಎತ್ತರದ ಆಳು, ಅವರು ಕೂರುತ್ತಿದ್ದುದೇ ಹಾಗೆ. ಮೊಂಡಿ ಮುಂದಕ್ಕೆ ಎಳೆದುಕೊಂಡಳು. ಕಟಕ್. ಕೀಗೆ ಕೈ ಹಾಕಿದಳು... ಅವಳು ಕೂತಿದ್ದ ಹಾಗೇ ಸೀಟು ಹಿಂದಕ್ಕೆ ಜಾರಿತು. ಕಟಕ್.

ಅವಳು ತಿರುಗಿ ನೋಡಲಿಲ್ಲ.

"ಬೇಕಾದ್ರೆ ಪಕ್ಕದಲ್ಲಿ ಕೂತ್ಕೋ," ಅಂದಳು. "ಇಲ್ಲಿ ಮಾತ್ರ ನಾನೇ."

ಮತ್ತೆ ಎಳೆದಳು. ಕಟಕ್. ಸೀಟು ನಿಂತಿತು. ಕೀ ತಿರುಗಿಸಿದಳು. ಕೆಮ್ಮಲಿಲ್ಲ, ಉಗುಳಲಿಲ್ಲ, ಇಂಜಿನ್ ಒಂದೇ ಸಲಕ್ಕೆ ಎದ್ದಿತು. ಅವಳು ಸ್ಟೀರಿಂಗಿಗೆ ತಲೆಯಿಟ್ಟು ಜೋರಾಗಿ ಅತ್ತುಬಿಟ್ಟಳು.

ಬೆಳಿಗ್ಗೆ ಗುಜರಿಯವನು ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ ಹೋದ. ಚಿಕ್ಕಪ್ಪ ಓಡುತ್ತಿರುವ ಇಂಜಿನ್ನಿನ ಸದ್ದು ಕೇಳಿ ಬಾಯಿ ಮುಚ್ಚಿಕೊಂಡರು. ಒಂದು ಸುತ್ತು ಹೋಗೋಣ ಅಂತ ಪಕ್ಕದ ಸೀಟಿನ ಬಾಗಿಲು ತೆಗೆದವರು ಹಾಗೇ ನಿಂತುಬಿಟ್ಟರು.

"ಇದನ್ನ ಯಾವಾಗ ಬಿಡಿಸಿದೆ?"

ತುಕ್ಕು ಹಿಡಿದ ಆ ಸೀಟು, ಹಳಿಯ ಕೊನೆಯವರೆಗೂ ಹಿಂದಕ್ಕೆ ಸರಿದಿತ್ತು.

ಸುಳ್ಳು ಅನ್ನುವವರು ಹೋಗಿ ಎಳೆದು ನೋಡಿ. ನಾನೂ ಎಳೆದಿದ್ದೇನೆ, ಈಗ ಹಿಂದೆಯೇ ಕಚ್ಚಿಕೊಂಡಿದೆ, ಒಂದಿಂಚೂ ಕದಲುವುದಿಲ್ಲ. ಮೊಂಡಿ ಅಲ್ಲಿ ಯಾರನ್ನೂ ಕೂರಿಸುವುದಿಲ್ಲ. ಮೊನ್ನೆ ನನ್ನನ್ನೂ ಹಿಂದಿನ ಸೀಟಿನಲ್ಲೇ ಕೂರಿಸಿದಳು.