ನಾಲ್ಕು ನಿಮಿಷದಲ್ಲಿ ಖಾಲಿಯಾದ ಕಟ್ಟಡ

ಫೈರ್ ಡ್ರಿಲ್ ಮುಗಿದು ಎಲ್ಲರೂ ಮತ್ತೆ ಮೇಲೆ ಬಂದಿದ್ದೆವು. ಆರನೇ ಮಹಡಿಯಲ್ಲಿ ಲಿಫ್ಟಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿದ್ದ ನಕ್ಷೆ ವಿಭಾಗದ ಮೇಡಂ, ಬೆವರು ಒರೆಸಿಕೊಳ್ಳುತ್ತಿದ್ದ ಸುರಕ್ಷತಾ ಅಧಿಕಾರಿ.

“ನಾಲ್ಕೇ ನಿಮಿಷ ಮೇಡಂ! ಇಡೀ ಕಟ್ಟಡ ಖಾಲಿ.”

“ಭೇಷ್! ನಾನು ಇಲ್ಲೇ ಮೆಟ್ಟಿಲ ಪಕ್ಕದ ಕಿಟಕಿ ಹತ್ರ ಕೂತು ನಿಮ್ಮ ಓಟ ನೋಡ್ತಿದ್ದೆ.”

“ಬೆಂಕಿ ಬಿದ್ದಾಗ ಲಿಫ್ಟ್ ಹತ್ತೋ ಹಾಗಿಲ್ವಲ್ಲ, ನಿಯಮ.”

“ಹೌದೌದು, ನಿಯಮ ಮುರಿದು ಬದುಕೋಕಾಗುತ್ತಾ? ನನ್ನನ್ನ ಮೆಟ್ಟಿಲಿಳಿಸೋಕೆ ಒಂದು ಕುರ್ಚಿ ತರಿಸಿದ್ರಲ್ಲ?”

“ಭದ್ರವಾಗಿದೆ. ಕೆಳಗಡೆ ಕಪಾಟಲ್ಲಿಟ್ಟು ಬೀಗ ಹಾಕಿದೀನಿ.”

“ಸದ್ಯ, ಕುರ್ಚಿಯಾದ್ರೂ ಬಚಾವ್. ಇಳಿಸೋರು ಅಂತ ಯಾರ ಹೆಸರು ಬರೆದಿದ್ರಿ?”

ಅಧಿಕಾರಿ ಕೆಮ್ಮಿದರು. “ನಂದೇ.”

“ಎಲ್ಲರಿಗಿಂತ ಮೊದಲು ಗೇಟು ಮುಟ್ಟಿದ್ದೂ ನೀವೇ.”

“ದಾರಿ ತೋರಿಸೋಕೆ ಒಬ್ರು ಬೇಕಲ್ಲ ಮೇಡಂ.”

ಲಿಫ್ಟ್ ಬಂತು. ಆಕೆ ಒಳಗೆ ಹೋದರು.

“ಬನ್ನಿ, ಬೀಗ ತೆಗೆದು ಕುರ್ಚಿ ಮೇಲೆ ತರೋಣ. ಆಮೇಲೆ ಮತ್ತೆ ಗಂಟೆ ಹೊಡೀರಿ. ಈ ಸಲ ನಾವಿಬ್ಬರೂ ಇಳಿದ ಮೇಲೇನೇ ನಿಮಿಷ ಎಣಿಸಿ.”

ಅಧಿಕಾರಿಯೂ ನಾನೂ ಒಳಗೆ ಹೋದೆವು. ಬಾಗಿಲು ಮುಚ್ಚಿತು.