ಏನೂ ಕಾಣದಿದ್ದರೆ

ಸ್ಕ್ಯಾನಿಂಗ್ ಕೋಣೆಯ ಹೊರಗೆ ನನ್ನ ಪಕ್ಕದ ಬೆಂಚಿನಲ್ಲಿ ಅತ್ತೆ, ಸೊಸೆ ಕೂತಿದ್ದರು. ಸೊಸೆ ಓಲೆ ಬಿಚ್ಚಿ ಅತ್ತೆಯ ಕೈಗಿಟ್ಟಳು.

“ಹೋದ ಸಲ ಏನೂ ಇಲ್ಲ ಅಂದ್ರಲ್ಲೇ?”

“ಅದು ಮೇಲೆ ಮೇಲೆ ನೋಡಿದ್ದು ಅತ್ತೆ. ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆದು ಕರುಳಿಗೆ ಅಂಟಿರಬಹುದಂತೆ. ಈ ಎಂಆರ್‌ಐ ಸ್ಕ್ಯಾನಲ್ಲಿ ಆಳದವರೆಗೂ ಕಾಣತ್ತಂತೆ.”

“ದೇವರೇ, ಏನೂ ಕಾಣದೆ ಇರ್ಲಪ್ಪ.”

“ಕಾಣ್ಲಿ ಅನ್ನಿ.”

“ಬಿಡ್ತು ಅನ್ನೇ!”

“ಕಾಣದಿದ್ರೆ ತಿಂಗಳು ತಿಂಗಳೂ ನಾಟಕ ಆಡ್ತಾಳೆ ಅಂತೀರಲ್ಲ.”

ಅತ್ತೆ ಓಲೆಗಳನ್ನು ಪರ್ಸಿಗೆ ಹಾಕಿ ಜಿಪ್ ಎಳೆದರು. ಒಳಗಿನಿಂದ ನರ್ಸ್ ಕರೆದಳು.

“ಹೋಗು. ಟಾಯ್ಲೆಟ್‌ಗೆ ಕೂತಾಗ ಬಾಯಿಗೆ ಟವೆಲ್ ತುರುಕ್ಕೊಂಡು ಅಳ್ತೀಯಲ್ಲ, ಅದನ್ನೂ ಹೇಳು. ಎಲ್ಲಿ ನೋಡ್ಬೇಕು ಅಂತ ಅವರಿಗೆ ಗೊತ್ತಾಗತ್ತೆ.”

ಸೊಸೆ ಬಾಗಿಲಲ್ಲೇ ನಿಂತಳು. “ನಿಮಗೆ ಹೇಗೆ ಗೊತ್ತು?”

“ಗೋಡೆ ಆಚೆಗೇ ಅಲ್ವೇನೇ ನನ್ನ ಮಂಚ ಇರೋದು.”